ಇಂಜಿನ್ ಬಿಚ್ಚುವ ಮುನ್ನ ಕೇಳಬೇಕಾದ ಮಾತು

ಬೋರಗಾಂವದಿಂದ ಸದಲಗಾ ಕಡೆ ಹೊರಡಿ, ನಿಪ್ಪಾಣಿ ಕಡೆ ಹೊರಡಿ, ಇಲ್ಲವೇ ಗಡಿ ದಾಟಿ ಇಚಲಕರಂಜಿಗೆ ಹೋಗಿ. ದಾರಿಯಲ್ಲಿ ಹದಿನೈದು ವರ್ಷ ದಾಟಿದ ಓಮ್ನಿ, ಮಾರುತಿ 800, ಇಂಡಿಕಾ ಎದುರಾಗದೇ ಇರುವುದಿಲ್ಲ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು, ಓಮ್ನಿ 2019ರಲ್ಲಿ. ನಮ್ಮ ಭಾಗದಲ್ಲಿ ಮಾತ್ರ ಅವು ಇನ್ನೂ ನಿವೃತ್ತಿಯಾಗಿಲ್ಲ. ಕಬ್ಬಿನ ಬಿಲ್ ಬಂದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆ ಗಾಡಿಯೇ ಸಂತೆಗೆ, ಮದುವೆಗೆ, ನಡುರಾತ್ರಿ ಹೆರಿಗೆ ನೋವು ಬಂದರೆ ದವಾಖಾನೆಗೆ. ಅದು ನಿಂತರೆ ಮನೆಯ ಅರ್ಧ ಕೆಲಸ ನಿಲ್ಲುತ್ತದೆ.

ಹೀಗಿರುವಾಗ ಗಾಡಿ ಸ್ವಲ್ಪ ಹೊಗೆ ಬಿಟ್ಟರೆ ಸಾಕು, ಗ್ಯಾರೇಜಿನಲ್ಲಿ ಬರುವ ಮೊದಲ ಮಾತು: "ಹಾಫ್ ಇಂಜಿನ್ ಕೆಲಸ ಐತ್ರಿ." ಎಷ್ಟೋ ಸಲ ಆ ಖರ್ಚು ಗಾಡಿಯ ಬೆಲೆಯ ಅರ್ಧಕ್ಕೆ ಹತ್ತಿರ ಬರುತ್ತದೆ. ಇದಕ್ಕೆ ಮಿಸ್ತ್ರಿಗಳನ್ನು ಬೈಯುವುದು ಸುಲಭ. ಆದರೆ ನಾವು ಹೇಳುವುದು ಬೇರೆ. ನಮ್ಮಲ್ಲಿ ರಿಪೇರಿಗೆ ದುಡ್ಡು ಕೊಡುವ ರೂಢಿ ಇದೆ, ರೋಗ ಪತ್ತೆಗೆ ಕೊಡುವ ರೂಢಿ ಇಲ್ಲ. ಅರ್ಧ ತಾಸು ಇಂಜಿನ್ ನೋಡಿ "ಏನೂ ಆಗಿಲ್ಲ, ಹೋಗಿ ಬರ್ರಿ" ಎಂದ ಮಿಸ್ತ್ರಿಗೆ ಸಿಗುವುದು ಒಂದು ಕಪ್ ಚಹಾ. ಬಿಚ್ಚಿದವನಿಗೆ ಸಾವಿರಾರು ರೂಪಾಯಿ. ಹಾಗಿದ್ದಾಗ ಬಿಚ್ಚದೇ ಬಿಡುವವರು ಯಾರು?

ರೋಗದ ಲಕ್ಷಣ ಓದಲು ಮಾಲೀಕರಿಗೇ ಬರಬೇಕು. ಅದು ಕಷ್ಟದ ವಿದ್ಯೆಯಲ್ಲ. ಹೊಗೆಯ ಬಣ್ಣದಿಂದ ಶುರು ಮಾಡಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಅಥವಾ ಡೀಸೆಲ್ ಹೆಚ್ಚು ಹೋಗುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಅದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ, ಏರಿನಲ್ಲಿ ಎಕ್ಸಲೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಮೇಲೆ. ಚಳಿಗಾಲದ ಮುಂಜಾನೆ ತೆಳ್ಳಗಿನ ಬಿಳಿ ಆವಿ ಬಂದರೆ ಹೆದರಬೇಕಿಲ್ಲ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತ, ಕೂಲಂಟ್ ತಾನೇ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಯಿಲ್ ಲೈಟ್ ಹೊತ್ತಿದರೆ ಮುಂದಿನ ಊರಿನ ತನಕ ಓಡಿಸುವ ಧೈರ್ಯ ಬೇಡ, ಅಲ್ಲೇ ಬಂದ್ ಮಾಡಿ. ಹೀಟ್ ಆದ ಗಾಡಿಯ ರೇಡಿಯೇಟರ್ ಮುಚ್ಚಳವನ್ನು ಬಿಸಿಯಿದ್ದಾಗ ತೆಗೆಯಬೇಡಿ, ಕೈ ಮುಖ ಸುಟ್ಟೀತು.

ನಮ್ಮ ನೆಲಕ್ಕೆ ಅಂಟಿದ ಕಾಯಿಲೆಗಳೂ ಇವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಧೂಳು ಕುಡಿಯುತ್ತ ಹೋಗುವ ಗಾಡಿಗೆ ಏರ್ ಫಿಲ್ಟರ್ ಬೇಗ ಬದಲಿಸಬೇಕು. ಫಿಲ್ಟರ್ ದಾಟಿದ ಧೂಳು ರಿಂಗ್ ಮತ್ತು ಬೋರ್ ಅನ್ನು ಸವೆಸುತ್ತದೆ. ಕೂಲಂಟ್ ಬದಲು ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಇನ್ನು ದೂಧಗಂಗಾ ಉಕ್ಕಿದ ಕಾಲ. 2019 ಮತ್ತು 2021ರ ನೆರೆ ಯಾರಿಗೂ ಮರೆತಿಲ್ಲ. ನೀರಿನಲ್ಲಿ ನಿಂತ ಗಾಡಿಗೆ ಎಂದೂ ಚಾವಿ ತಿರುಗಿಸಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳೆ ಗಾಡಿಗೆ ಬಹುತೇಕರು ಮಾಡಿಸುವುದು ಥರ್ಡ್ ಪಾರ್ಟಿ ವಿಮೆ ಮಾತ್ರ; ಅದರಲ್ಲಿ ಈ ನಷ್ಟಕ್ಕೆ ಒಂದು ಪೈಸೆ ಬರುವುದಿಲ್ಲ.

ಈಗ ಹೊಸದೊಂದು ಸೇರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಇಂದು ಬಂಕುಗಳಲ್ಲಿ ಸಾಮಾನ್ಯ. ನಮ್ಮ ಹೊಲದ ಕಬ್ಬೂ ಅದಕ್ಕೆ ಒಂದು ಮೂಲ, ಆದ್ದರಿಂದ ಅದನ್ನು ವಿರೋಧಿಸಲು ನಮಗೆ ಮನಸ್ಸಿಲ್ಲ. ಆದರೆ ಹಳೆ ಗಾಡಿಯ ಪೈಪು, ಸೀಲುಗಳು ಇದಕ್ಕಾಗಿ ಮಾಡಿದವಲ್ಲ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಗಾಡಿ ಜರ್ಕ್ ಹೊಡೆದರೆ, ಪೆಟ್ರೋಲ್ ವಾಸನೆ ಬಂದರೆ ಮೊದಲು ಫ್ಯುಯೆಲ್ ಫಿಲ್ಟರ್, ಪೈಪು ನೋಡಿಸಿ. ಇದು ಇಂಜಿನ್ ಬಿಚ್ಚುವ ಕೆಲಸವಲ್ಲ.

ನಮ್ಮ ಮನೆಯ ಓಮ್ನಿಗೂ ಒಮ್ಮೆ ಒಂದು ಗ್ಯಾರೇಜಿನಲ್ಲಿ ಹಾಫ್ ಇಂಜಿನ್ ತೀರ್ಪು ಬಂದಿತ್ತು. ಇನ್ನೊಬ್ಬ ಹಿರಿಯ ಮಿಸ್ತ್ರಿಗೆ ತೋರಿಸಿದೆವು. "ತಡೀರಿ, ಮೊದಲ ಕಂಪ್ರೆಶನ್ ನೋಡೂಣು" ಎಂದರು. ಪ್ಲಗ್ ಬಿಚ್ಚಿ ಗೇಜ್ ಹಚ್ಚಿದಾಗ ಮೂರೂ ಸಿಲಿಂಡರ್ ಸಮನಾಗಿ, ಚೆನ್ನಾಗಿ ತೋರಿಸಿದವು. "ರಿಂಗ್ ಗಟ್ಟಿ ಅದಾವ. ಸೀಲ್ ಹಾಕಿದ್ರ ಸಾಕು ನೋಡ್ರಿ" ಎಂದರು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೂ ಹೇಗೆ ಪತ್ತೆ ಮಾಡುವುದೆಂದು ಅವರೇ ತಿಳಿಸಿದರು: ಒಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಗ ಒತ್ತಡ ಏರಿದರೆ ರಿಂಗ್ ದೋಷ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇಂಥ ಪರೀಕ್ಷೆಗೆ ಪ್ರತ್ಯೇಕ ಮಜೂರಿ ಕೊಡುವುದರಲ್ಲಿ ನಷ್ಟವೇನಿದೆ?

ಎರಡನೆಯ ಮಾತು ಚೀಟಿಯದು. ಹಳೇ ಸಾಮಾನು ವಾಪಸ್ ಕೊಡಿ, ಹಾಕಿದ್ದನ್ನು ಬರೆದು ಕೊಡಿ ಎಂದರೆ "ನಂಬಿಕೆ ಇಲ್ಲೇನ್ರಿ?" ಎಂಬ ಪ್ರಶ್ನೆ ಬರುತ್ತದೆ. ನಂಬಿಕೆ ಇದ್ದರೂ ಚೀಟಿ ಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕೊಟ್ಟ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಜಿಎಸ್‌ಟಿ ನೋಂದಣಿ ಇಲ್ಲದ ಚಿಕ್ಕ ಗ್ಯಾರೇಜ್ ಕೂಡ ಕೈಬರಹದ ಚೀಟಿ ಕೊಡಬಹುದು. ತಕರಾರು ಇದ್ದರೆ 1915ಕ್ಕೆ ಫೋನ್ ಮಾಡಬಹುದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಗಡಿಯಾಚೆಯ ಕೊಲ್ಹಾಪುರದಲ್ಲಿ ಬೋರಿಂಗ್ ಮಾಡಿಸಿ ಇಲ್ಲಿ ಫಿಟಿಂಗ್ ಮಾಡಿಸುವ ನಮಗೆ ಚೀಟಿ ಇನ್ನೂ ಮುಖ್ಯ. ಇಲ್ಲದಿದ್ದರೆ ಇವರು ಅವರತ್ತ, ಅವರು ಇವರತ್ತ ಬೆರಳು ತೋರಿಸುತ್ತಾರೆ.

ಮೂರನೆಯದು ಸರ್ಕಾರಕ್ಕೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಹೊಗೆ ಕಡಿಮೆಯಾಗಲಿ ಎಂಬ ಉದ್ದೇಶ ಸರಿ. ಆದರೆ ಶುಲ್ಕ ಏರಿಸಿದ ಮಾತ್ರಕ್ಕೆ ರೈತನಿಗೆ ಹೊಸ ಕಾರು ಬರುವುದಿಲ್ಲ, ಹಳೆಯದರ ಹೊಗೆಯೂ ನಿಲ್ಲುವುದಿಲ್ಲ. ಹೊಗೆ ನಿಲ್ಲಿಸುವವನು ಗ್ಯಾರೇಜಿನ ಮಿಸ್ತ್ರಿ. ಅವನ ಕೈಗೆ ಕಂಪ್ರೆಶನ್ ಗೇಜ್, ಸ್ಕ್ಯಾನರ್ ಬರಲಿ. ಹತ್ತಿರದ ಐಟಿಐಗಳಲ್ಲಿ ಕೆಲಸದಲ್ಲಿರುವ ಮಿಸ್ತ್ರಿಗಳಿಗೆ ರಾತ್ರಿ ಹೊತ್ತು, ಕನ್ನಡ ಮತ್ತು ಮರಾಠಿ ಎರಡರಲ್ಲೂ, ಚಿಕ್ಕ ತರಬೇತಿ ನಡೆಯಲಿ.

ಸರ್ಕಾರ ಮಾಡುವ ತನಕ ಕಾಯಬೇಕಿಲ್ಲ. ಮುಂದಿನ ಸಲ "ಬಿಚ್ಚಬೇಕ್ರಿ" ಎಂಬ ಮಾತು ಬಂದಾಗ ಹೀಗೆ ಕೇಳಿ: "ಯಾಕ್ರಿ ಅಣ್ಣಾ, ಏನ್ ನೋಡಿ ಹೇಳಾಕತ್ತೀರಿ? ನೋಡಿದ್ದರ ಮಜೂರಿ ಕೊಡತೇವು, ಅಳದು ತೋರಸ್ರಿ." ಕೆಲಸ ಬಲ್ಲ ಮಿಸ್ತ್ರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.