ಕಾಗೆಬಂಗಾರದ ಹೊಳಪು ಮತ್ತು ಅದರ ಬೆಲೆ

ಮುಖಕ್ಕೆ ಹಚ್ಚುವ ಪುಡಿ, ತುಟಿಯ ಬಣ್ಣ, ಚರ್ಮಕ್ಕೆ ಕಾಂತಿಯನ್ನು ಕೊಡುವ ಲೇಪ, ಇವುಗಳ ಡಬ್ಬಿಯ ಹಿಂಬದಿಯಲ್ಲಿ ಅಚ್ಚಾದ ಪಟ್ಟಿಯನ್ನು ಓದಿದರೆ ‘ಮೈಕಾ’ ಎಂಬ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ. ನಮ್ಮ ಹಿರಿಯರು ಕಾಗೆಬಂಗಾರವೆಂದೂ ಗ್ರಂಥಗಳು ಅಭ್ರಕವೆಂದೂ ಕರೆದ ಖನಿಜವೇ ಇದು. ಡಬ್ಬಿಯ ಮುಂಬದಿಯಲ್ಲಿ ‘ನೈಸರ್ಗಿಕ’ ಎಂಬ ಮಾತೂ ಇರುವುದುಂಟು. ಆ ಮಾತು ಎಷ್ಟನ್ನು ತಿಳಿಸುತ್ತದೆ, ಎಷ್ಟನ್ನು ಮರೆಸುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನಾವು ವಿಚಾರಿಸಬೇಕಾಗಿದೆ.

ಮೊದಲು ಹೊಳಪಿನ ವಿಷಯ. ಅಭ್ರಕವು ಪದರ ಪದರವಾಗಿ ರಚಿತವಾದ ಸಿಲಿಕೇಟು. ಪದರದೊಳಗಿನ ಬಂಧ ಬಲವಾದುದು. ಪದರಗಳ ನಡುವಣ ಬಂಧ ದುರ್ಬಲವಾದುದು. ಆದುದರಿಂದಲೇ ಅದನ್ನು ಉಗುರಿನಿಂದ ತೆಳುವಾದ ಹಾಳೆಗಳಾಗಿ ಸೀಳಬಹುದು. ಒಂದು ಪದರದ ದಪ್ಪ ಸುಮಾರು 1 ನ್ಯಾನೊಮೀಟರ್, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಪುಡಿ ಮಾಡಿದಾಗಲೂ ಅದು ಚಪ್ಪಟೆಯಾದ ಚಕ್ಕೆಗಳಾಗಿಯೇ ಉಳಿಯುತ್ತದೆ. ಈ ಚಕ್ಕೆಗಳಿಗೆ ಟೈಟೇನಿಯಂ ಡೈಆಕ್ಸೈಡಿನ ತೆಳುಲೇಪವನ್ನು ಕೊಟ್ಟರೆ, ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದರೊಡನೊಂದು ಕೂಡುತ್ತವೆ. ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಲೇಪದ ದಪ್ಪ ಸುಮಾರು 50 ನ್ಯಾನೊಮೀಟರ್ ಇದ್ದಾಗ ಬೆಳ್ಳಿಯ ಬಿಳುಪು. ದಪ್ಪ ಹೆಚ್ಚಿದಂತೆಲ್ಲ ಹೊನ್ನಿನ ಬಣ್ಣ, ಕೆಂಪು, ನೀಲಿ, ಹಸುರು. ಸಾಬೂನಿನ ಗುಳ್ಳೆಯ ಬಣ್ಣಗಳಿಗೂ ಇದೇ ವ್ಯತಿಕರಣವು ಕಾರಣ.

ಈ ಚಕ್ಕೆಗಳು ಬರುವುದು ಎಲ್ಲಿಂದ? ಜಾರ್ಖಂಡಿನ ಕೋಡರ್ಮಾ, ಗಿರಿಡಿಹ್ ಮತ್ತು ಬಿಹಾರದ ನವಾದಾ ಜಿಲ್ಲೆಗಳು ಇದರ ಮುಖ್ಯ ನೆಲೆಗಳಲ್ಲಿ ಸೇರಿವೆ. ಒಂದು ಕಾಲದಲ್ಲಿ ಇಲ್ಲಿಯ ಅಭ್ರಕವು ವಿದ್ಯುತ್ ನಿರೋಧಕವಾಗಿ ಲೋಕಪ್ರಸಿದ್ಧವಾಗಿತ್ತು. 1980ರ ಅರಣ್ಯ ಸಂರಕ್ಷಣಾ ಕಾನೂನಿನ ತರುವಾಯ ಅನೇಕ ಗಣಿಗಳು ಮುಚ್ಚಿದುವು, ಹೊಟ್ಟೆಪಾಡು ಮುಚ್ಚಲಿಲ್ಲ. ಹಳೆಯ ಗುಡ್ಡೆಗಳಿಂದಲೂ ಆಸರೆಯಿಲ್ಲದ ಇಕ್ಕಟ್ಟಿನ ಬಿಲಗಳಿಂದಲೂ ‘ಢಿಬ್ರಾ’ ಎಂಬ ಚೂರು ಅಭ್ರಕವನ್ನು ಕುಟುಂಬಗಳು ಆಯತೊಡಗಿದುವು, ಮಕ್ಕಳೂ ಜೊತೆಗೂಡಿದರು. ನೆದರ್‌ಲೆಂಡ್ಸಿನ ಸಂಸ್ಥೆಗಳು 2016ರಲ್ಲಿ ಪ್ರಕಟಿಸಿದ ವರದಿಯೊಂದು ಇಂತಹ ಮಕ್ಕಳ ಸಂಖ್ಯೆಯನ್ನು 22,000ದವರೆಗೆ ಅಂದಾಜು ಮಾಡಿತು. ನಮ್ಮ ದೇಶದ ಅಭ್ರಕದ ರಫ್ತು ಅಧಿಕೃತ ಉತ್ಪಾದನೆಗಿಂತ ಹಲವು ಪಟ್ಟು ಹೆಚ್ಚೆಂಬುದನ್ನೂ ಅದು ತೋರಿಸಿತು. ದ್ರವ್ಯ ಸಂರಕ್ಷಣೆಯ ನಿಯಮವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕಕ್ಕೆ ಬಾರದ ಕೈಗಳಿಂದ ಲೆಕ್ಕದೊಳಕ್ಕೆ ಸರಕು ಹರಿದು ಬರುತ್ತಿತ್ತು.

ಪ್ರಯೋಗಶಾಲೆಯು ಇದನ್ನು ಪತ್ತೆ ಮಾಡಲಾರದೆ ಎಂದು ಕೆಲವರು ಕೇಳಬಹುದು. ಖನಿಜದಲ್ಲಿ ಸೂಕ್ಷ್ಮ ಪ್ರಮಾಣದಲ್ಲಿರುವ ಧಾತುಗಳಿಂದ ಅದು ಯಾವ ಸೀಮೆಯದೆಂದು ಊಹಿಸಬಹುದು. ಆಯ್ದವರು ದೊಡ್ಡವರೋ ಮಕ್ಕಳೋ, ಅವರಿಗೆ ಸಂದ ಕೂಲಿ ಎಷ್ಟು ಎಂಬುದನ್ನು ಯಾವ ಉಪಕರಣವೂ ಹೇಳಲಾರದು. ಇದನ್ನು ಗಣಿಯ ಬಾಯಲ್ಲೇ ಬರೆದಿಡಬೇಕು.

ಕೆಲವು ತಯಾರಕರು ನೈಸರ್ಗಿಕ ಅಭ್ರಕವನ್ನು ಬಿಟ್ಟು, ಕುಲುಮೆಯಲ್ಲಿ ಕರಗಿಸಿ ತಯಾರಿಸಿದ ಕೃತಕ ಅಭ್ರಕವನ್ನು ಬಳಸುತ್ತಿದ್ದಾರೆ. ಅದು ಹೆಚ್ಚು ಶುದ್ಧ, ಹೊಳಪಿನಲ್ಲೂ ಮೇಲು. ಆದರೆ ಇದರಿಂದ ಕೊಳ್ಳುವವರ ಮನಸ್ಸು ಹಗುರವಾದೀತೇ ಹೊರತು ಆಯುವವರ ಹೊಟ್ಟೆ ತುಂಬದು. ಆ ಮಗು ಶಾಲೆಗೆ ಹೋಗುವುದರ ಬದಲು ಬೇರೊಂದು ಕೂಲಿಗೆ ಹೋದೀತು. ಕಾಫಿ, ಚಹಾ, ಕೋಕೋ ಬೆಳೆಗಾರರಿಗೆ ಕನಿಷ್ಠ ಬೆಲೆಯನ್ನೂ ಊರಿನ ಏಳಿಗೆಗಾಗಿ ಹೆಚ್ಚುವರಿ ಹಣವನ್ನೂ ಗೊತ್ತುಪಡಿಸುವ ನ್ಯಾಯ ವ್ಯಾಪಾರದ ಪದ್ಧತಿಯೇ ಇಲ್ಲಿಗೂ ತಕ್ಕುದೆಂಬುದು ನಮ್ಮ ಅಭಿಪ್ರಾಯ. ಆಯುವವರ ಸಹಕಾರ ಸಂಘಗಳಿಗೆ ಕಾನೂನಿನ ಮನ್ನಣೆ ಬೇಕು. ಮಕ್ಕಳ ಕೈ ಸೇರದೆ ಸಂಸಾರ ನಡೆಯುವಷ್ಟು ಬೆಲೆ ಬೇಕು. ಗಣಿಯಿಂದ ಡಬ್ಬಿಯವರೆಗೆ ತೂಕದ ಲೆಕ್ಕ ತಾಳೆಯಾಗಬೇಕು. 2017ರಲ್ಲಿ ಕಂಪನಿಗಳೂ ಸೇವಾಸಂಸ್ಥೆಗಳೂ ಕೂಡಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿರುವುದು ಒಳ್ಳೆಯದೇ. ಆದರೆ ಇಚ್ಛೆಯಿದ್ದವರು ಮಾತ್ರ ಪಾಲಿಸುವ ನಿಯಮದಿಂದ ಇಚ್ಛೆಯಿಲ್ಲದವರಿಗೇ ಲಾಭ. ಸರ್ಕಾರದ ಕಟ್ಟುಪಾಡೂ ಅವಶ್ಯಕ.

ಬೆಲೆ ಏರೀತೆಂಬ ಅಂಜಿಕೆಯನ್ನು ಲೆಕ್ಕದಿಂದಲೇ ಪರೀಕ್ಷಿಸೋಣ. ಒಂದು ಡಬ್ಬಿಯಲ್ಲಿ 5 ಗ್ರಾಂ ಅಭ್ರಕ ಇದೆಯೆಂದು ಇಟ್ಟುಕೊಂಡರೆ 1 ಕಿಲೋಗ್ರಾಮಿನಿಂದ 200 ಡಬ್ಬಿಗಳಾಗುತ್ತವೆ. ಆಯುವವರಿಗೆ ಕಿಲೋಗ್ರಾಮಿಗೆ 100 ರೂಪಾಯಿ ಹೆಚ್ಚು ಕೊಟ್ಟರೂ ಒಂದು ಡಬ್ಬಿಯ ಮೇಲೆ ಬೀಳುವ ಹೊರೆ 50 ಪೈಸೆ. ಶುದ್ಧೀಕರಣದಲ್ಲಿ ಅರ್ಧದಷ್ಟು ಸರಕು ನಷ್ಟವಾದರೂ 1 ರೂಪಾಯಿ. ನೂರಾರು ರೂಪಾಯಿ ಕೊಟ್ಟು ಡಬ್ಬಿಯನ್ನು ಕೊಳ್ಳುವವರಿಗೆ ಇದು ಭಾರವಲ್ಲ.

‘ನೈಸರ್ಗಿಕ’ ಎಂಬುದು ವಸ್ತುವಿನ ಹುಟ್ಟನ್ನು ಹೇಳುವ ಮಾತು. ಅದನ್ನು ತಂದವರ ಪಾಡನ್ನು ಹೇಳುವ ಮಾತಲ್ಲ. ಇಂತಹ ಸರಕನ್ನು ಕೊಳ್ಳುವ ತರುಣ ತರುಣಿಯರು ತಯಾರಕರಿಗೆ ಒಂದು ಕಾಗದವನ್ನು ಬರೆದು, ಈ ಅಭ್ರಕ ಯಾವ ಗಣಿಯದು, ಆಯ್ದವರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಲಿ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಲಿ.