ಆಮೆನ್ ಯಾರ ಬಾಯಲ್ಲಿ?

ಹೊಸದುರ್ಗಕ್ಕೆ ಆ ಹೆಸರು ಬಂದು ಶತಮಾನಗಳು ಕಳೆದವು. ಚಿತ್ರದುರ್ಗದ ನಾಯಕರ ಕಾಲದಲ್ಲಿ ಬೆಟ್ಟದ ಮೇಲೆ ಕೋಟೆ ಎದ್ದಾಗ ಅದು ನಿಜವಾಗಿಯೂ ಹೊಸ ದುರ್ಗವೇ ಆಗಿದ್ದಿತು. ಇಂದು ಕೋಟೆ ಹಳತಾಗಿದೆ, ಹೆಸರು ಮಾತ್ರ ಹೊಸದಾಗಿಯೇ ಉಳಿದಿದೆ. ದೇವರ ಮುಂದೆ ಮನುಷ್ಯನು ನಿಲ್ಲುವ ರೀತಿಯಲ್ಲಿ ಇದಕ್ಕೆ ತೀರ ವಿರುದ್ಧವಾದುದು ನಡೆಯುತ್ತದೆ. ಅಲ್ಲಿ ನಿನ್ನೆ ಹೊಸದಾಗಿದ್ದುದು ಇಂದು ‘ಹಿಂದಿನಿಂದ ಬಂದದ್ದು’ ಎಂಬ ಬಿರುದನ್ನು ಹೊತ್ತು, ಇವತ್ತಿನ ಹೊಸದನ್ನು ಬಾಗಿಲಿನಲ್ಲಿಯೇ ತಡೆದು ನಿಲ್ಲಿಸುತ್ತದೆ.

ಇದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠವನ್ನು ನೋಡಬಹುದು. ಅಲ್ಲಿ 1997ರಲ್ಲಿ ‘ಶಿವಸಂಚಾರ’ವೆಂಬ ನಾಟಕ ತಂಡ ಹುಟ್ಟಿ ಊರೂರು ತಿರುಗತೊಡಗಿತು. ಮಠಕ್ಕೂ ಬಣ್ಣದ ವೇಷಕ್ಕೂ ಏನು ನಂಟು ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಅವರು ಪೂಜ್ಯವೆಂದು ಕಣ್ಣಿಗೊತ್ತಿಕೊಳ್ಳುವ ವಚನಗಳೂ ಹನ್ನೆರಡನೆಯ ಶತಮಾನದಲ್ಲಿ ಹೊಸ ಮಾತುಗಳೇ. ಸಂಸ್ಕೃತದ ಮಂತ್ರವಿದ್ದ ಕಡೆ ಬೀದಿಯ ಕನ್ನಡವನ್ನು ತಂದ ಸಾಹಸವೇ ಅವು. ಹಳತು ಹೊಸದರ ಈ ಜಗಳ ಎಲ್ಲ ಮತಗಳ ಮನೆಗಳಲ್ಲಿಯೂ ಉಂಟು. ನೆರೆಮನೆಯ ಜಗಳವನ್ನು ಸಮಾಧಾನದಿಂದ ನೋಡಿದರೆ ನಮ್ಮ ಮನೆಯದೂ ಕೊಂಚ ತಿಳಿಯಾಗುವುದುಂಟು. ಆದುದರಿಂದ ಈ ವಾರ ಕ್ರೈಸ್ತರ ನೆರೆಮನೆಯೊಳಕ್ಕೆ ಒಮ್ಮೆ ಇಣುಕಿ ನೋಡಬಹುದು.

ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯಿಂದ ಬಂದ ದೇವಾಲಯಗಳಲ್ಲಿ ಇಂದು ಭಾನುವಾರದ ಆರಾಧನೆಯೇ ಚರ್ಚೆಯ ವಸ್ತುವಾಗಿದೆ. ಒಂದು ಪಕ್ಷದವರಿಗೆ ಪ್ರಾರ್ಥನಾ ಪುಸ್ತಕ ಬೇಕು, ಆರ್ಗನ್ನಿನ ಗಂಭೀರ ನಾದ ಬೇಕು, ನಿಲುವಂಗಿ ತೊಟ್ಟ ಗಾಯಕವೃಂದ ಬೇಕು, ಎದ್ದು ನಿಲ್ಲುವುದಕ್ಕೂ ಮೊಣಕಾಲೂರುವುದಕ್ಕೂ ಒಂದು ಕ್ರಮ ಬೇಕು. ಇನ್ನೊಂದು ಪಕ್ಷಕ್ಕೆ ಗಿಟಾರು, ಡ್ರಮ್ಮು, ಗೋಡೆಯ ತೆರೆಯ ಮೇಲೆ ಮೂಡುವ ಹಾಡಿನ ಸಾಲು, ಆ ಗಳಿಗೆಯಲ್ಲಿ ಎದೆಯಿಂದ ಹೊಮ್ಮುವ ಪ್ರಾರ್ಥನೆ ಇವೇ ಪ್ರಿಯ. ಹಿರಿಯರು ‘ಇದೇನು, ದೇವಾಲಯವೋ ಸಂಗೀತ ಕಚೇರಿಯೋ?’ ಎಂದರೆ, ಕಿರಿಯರು ‘ಓದಿದ್ದನ್ನೇ ಓದುವುದು ಪ್ರಾರ್ಥನೆಯೆ?’ ಎನ್ನುತ್ತಾರೆ. ಸಹಸ್ರನಾಮ ಬಾಯಿಪಾಠವಾಗಿರುವ ಅಜ್ಜಿಯೂ ಅದರ ಅರ್ಥವೇನೆಂದು ಕೇಳುವ ಮೊಮ್ಮಗನೂ ಇರುವ ಮನೆಯವರಿಗೆ ಈ ಎರಡು ಮಾತುಗಳೂ ಅಪರಿಚಿತವಲ್ಲ.

ಹಿರಿಯರು ಎದೆಗೆ ಅವಚಿಕೊಂಡಿರುವ ಆ ಪ್ರಾರ್ಥನಾ ಪುಸ್ತಕದ ಹುಟ್ಟನ್ನು ನೆನೆಯುವುದು ಒಳ್ಳೆಯದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಸಿದ್ಧಗೊಳಿಸಿದ ಮೊದಲ ಪುಸ್ತಕ 1549ರ ಜೂನ್ ತಿಂಗಳಲ್ಲಿ ಬಳಕೆಗೆ ಬಂದಿತು. ಅದುವರೆಗೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಆರಾಧನೆ ಅಂದಿನಿಂದ ಇಂಗ್ಲಿಷಿನಲ್ಲಿ ನಡೆಯಬೇಕೆಂದು ರಾಜಾಜ್ಞೆಯಾಯಿತು. ಮರುದಿನವೇ ಡೆವನ್ ಸೀಮೆಯ ಸ್ಯಾಂಪ್‌ಫರ್ಡ್ ಕೋರ್ಟ್‌ನಿ ಎಂಬ ಹಳ್ಳಿಯ ಜನ ಪಾದ್ರಿಯನ್ನು ತಡೆದು, ಹಳೆಯ ಉಡುಪು ತೊಟ್ಟು ಹಳೆಯ ಪೂಜೆಯನ್ನೇ ಮಾಡೆಂದು ಹಟ ಹಿಡಿದರು. ಆ ಕಿಡಿ ದಂಗೆಯಾಯಿತು, ಎಕ್ಸೆಟರ್ ನಗರಕ್ಕೆ ಮುತ್ತಿಗೆ ಬಿದ್ದಿತು, ಸಾವಿರಾರು ಜನ ಸತ್ತರು. ದಂಗೆಯೆದ್ದವರಲ್ಲಿ ಕಾರ್ನ್‌ವಾಲಿನವರೂ ಇದ್ದರು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದು, ಈ ಹೊಸ ಇಂಗ್ಲಿಷ್ ಪೂಜೆ ತಮಗೆ ಬೇಡವೆಂದು ಅವರು ಬರೆದುಕೊಟ್ಟರು. ಹೊಸದನ್ನು ಕೊಟ್ಟ ಕ್ರ್ಯಾನ್ಮರನನ್ನೂ 1556ರಲ್ಲಿ, ಬೇರೊಂದು ಆಳ್ವಿಕೆಯಲ್ಲಿ, ಆಕ್ಸ್‌ಫರ್ಡಿನಲ್ಲಿ ಜೀವಸಹಿತ ಸುಟ್ಟರು. ಇಂದು ‘ಸಂಪ್ರದಾಯ’ದ ಸಾಕ್ಷಾತ್ ಮೂರ್ತಿಯೆನಿಸಿರುವ ಪುಸ್ತಕದ ಬಾಲ್ಯ ಇಂಥದು.

ಆರ್ಗನ್ನಿನ ಕಥೆಯೂ ಭಿನ್ನವಲ್ಲ. ಇಂಗ್ಲೆಂಡಿನ ಹಳ್ಳಿಯ ದೇವಾಲಯಗಳಲ್ಲಿ ಒಂದು ಕಾಲಕ್ಕೆ ಊರಿನ ಕಸುಬುದಾರರೇ ಪಿಟೀಲು, ಕ್ಲಾರಿನೆಟ್ ಹಿಡಿದು ಹಿಂದಿನ ಅಟ್ಟದ ಮೇಲೆ ಕುಳಿತು ಹಾಡಿಗೆ ಜೊತೆ ಕೊಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ, ಅವರ ವಾದನ ಒರಟು, ಆರ್ಗನ್ನೇ ಶಿಷ್ಟವೆಂದು ಅವರನ್ನು ಇಳಿಸಿಬಿಟ್ಟರು. ಆ ಮುದುಕ ವಾದ್ಯಗಾರರ ನೋವನ್ನು ಥಾಮಸ್ ಹಾರ್ಡಿ 1872ರ ತನ್ನ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಕಾದಂಬರಿಯಲ್ಲಿ ಚಿತ್ರಿಸಿದ್ದಾನೆ. ತಂತಿವಾದ್ಯವನ್ನು ಓಡಿಸಿ ಬಂದ ಆರ್ಗನ್ನನ್ನು ಇಂದು ಮತ್ತೊಂದು ತಂತಿವಾದ್ಯ ಓಡಿಸಲು ಬಂದಿದೆ. ಕಾಲಪುರುಷನಿಗೂ ಹಾಸ್ಯಪ್ರವೃತ್ತಿ ಇರಬೇಕು!

ಈ ಜಗಳ ಕನ್ನಡ ನಾಡಿಗೆ ಬಂದದ್ದು ಎರಡು ದಾರಿಗಳಿಂದ. ಒಂದು ದಾರಿ ದಂಡಿನದು. ಬೆಂಗಳೂರಿನ ದಂಡು ಪ್ರದೇಶದ ಸಂತ ಮಾರ್ಕರ ದೇವಾಲಯದ ಕಟ್ಟಡ 1808ರಲ್ಲಿ ಆರಂಭವಾಗಿ, 1816ರಲ್ಲಿ ಕಲ್ಕತ್ತೆಯ ಬಿಷಪ್ಪರಿಂದ ಪ್ರತಿಷ್ಠೆಗೊಂಡಿತು. ಸಿಪಾಯಿ ಸರದಾರರಿಗಾಗಿ ಹುಟ್ಟಿದ ಆ ದೇವಾಲಯದಲ್ಲಿ ಕ್ರ್ಯಾನ್ಮರನ ಇಂಗ್ಲಿಷೇ ದೇವಭಾಷೆ. ಇನ್ನೊಂದು ದಾರಿ ಹಳ್ಳಿಯದು. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಅವರ ಮೂಲಪುರುಷ ಜಾನ್ ವೆಸ್ಲಿ ಕಡೆಯವರೆಗೂ ಆಂಗ್ಲಿಕನ್ ಪುರೋಹಿತನಾಗಿಯೇ ಉಳಿದವನು. ಆದರೂ ಬಯಲಿನಲ್ಲಿ ನಿಂತು ಉಪದೇಶಿಸಿದವನು, ಜನರಿಂದ ಹಾಡಿಸಿದವನು. ತಮ್ಮ ಚಾರ್ಲ್ಸ್ ಬರೆದ ಹಾಡುಗಳಂತೂ ಆರು ಸಾವಿರವನ್ನು ಮೀರುತ್ತವೆ. ಈ ಪರಂಪರೆಯ ಕನ್ನಡ ಸಭೆಗೆ ಬೆಂಗಳೂರಿನಲ್ಲಿ 1904ರಲ್ಲಿ ಹಡ್ಸನ್ ಸ್ಮಾರಕ ದೇವಾಲಯ ಎದ್ದಿತು. ಒಂದೇ ಊರಿನ ಎರಡು ದೇವಾಲಯಗಳು; ಒಂದರಲ್ಲಿ ಪುಸ್ತಕದ ಇಂಗ್ಲಿಷ್, ಇನ್ನೊಂದರಲ್ಲಿ ಹಾಡಿನ ಕನ್ನಡ.

ಹಾಡಿನ ಕನ್ನಡವೆಂದರೂ ಅದು ಸುಲಭವಾಗಿ ಕನ್ನಡದ ಹಾಡಾಗಲಿಲ್ಲ. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಮೇಲೆ. ಕನ್ನಡ ಪದ್ಯ ನಡೆಯುವುದು ಲಘು ಗುರುಗಳ ಅಳತೆಯ ಮೇಲೆ. ವಿಲಾಯಿತಿಯ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು ಕನ್ನಡದ ಮಾತನ್ನು ತುಂಬಿದರೆ, ಧಾಟಿ ಎಳೆದಲ್ಲೆಲ್ಲ ಲಘು ಗುರುವಾಗಲೇಬೇಕು, ಓಡಿದಲ್ಲೆಲ್ಲ ಗುರು ಕುಗ್ಗಲೇಬೇಕು. ‘ಕರುಣೆ’ ‘ಕರೂಣೆ’ಯಾಗುತ್ತದೆ, ‘ದೇವರೆ’ ‘ದೆವಾರೆ’ಯಾಗುತ್ತದೆ. ಭಕ್ತಿ ಎಷ್ಟಿದ್ದರೂ ಕಿವಿಗೆ ಹಳ್ಳಿಯ ಕಾಲಿಗೆ ಬೂಟು ತೊಡಿಸಿದಂತೆ. ಈ ಇಕ್ಕಟ್ಟನ್ನು ಮೊದಲೇ ಅರಿತವರಲ್ಲಿ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಒಬ್ಬರು. ಬಾಸೆಲ್ ಮಿಷನ್ನಿಗೆ ಸೇರಿದ್ದ ಅವರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಈ ನಾಡಿನ ಕಾವ್ಯದ ಮಟ್ಟಿನಲ್ಲಿ ಹೇಳಿದರು. ಎಂದರೆ, ‘ಹೊಸತನ’ವೆಂಬುದು ಯಾವಾಗಲೂ ಪಶ್ಚಿಮದ ಕಡೆಗೆ ಮುಖ ಮಾಡಿಯೇ ಇರಬೇಕೆಂಬ ನಿಯಮವಿಲ್ಲ. ಕ್ರೈಸ್ತ ಆರಾಧನೆಗೆ ಷಟ್ಪದಿಯ ನಾಡಿನ ಲಯವೂ ಒಂದು ಹೊಸತನವೇ ಆಗಿದ್ದಿತು.

ಎರಡು ದಾರಿಗಳೂ ಕೂಡಿದ ದಿನ 1947ರ ಸೆಪ್ಟೆಂಬರ್ 27. ಮದರಾಸಿನ ಸಂತ ಜಾರ್ಜರ ಮಹಾದೇವಾಲಯದಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಪರಂಪರೆಯವರು ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದರು. ಮೈಸೂರು ಪ್ರಾಂತಕ್ಕೆ ಪಿ. ಗುರುಶಾಂತರು ಬಿಷಪ್ ಆದರು. ಬಿಷಪ್ಪರಿರುವ ಪರಂಪರೆ ಬಿಷಪ್ಪರಿಲ್ಲದ ಪರಂಪರೆಗಳೊಡನೆ ಹೀಗೆ ಬೆರೆತುದು ಲೋಕದ ಕ್ರೈಸ್ತರಿಗೆ ಅಚ್ಚರಿಯಾಗಿ ಕಂಡಿತು. ಕೆಲವರಿಗೆ ಅಪಚಾರವಾಗಿಯೂ ಕಂಡಿತು. ಕವಿ ಟಿ. ಎಸ್. ಎಲಿಯಟ್ 1943ರಷ್ಟು ಹಿಂದೆಯೇ ಈ ಯೋಜನೆಯನ್ನು ವಿರೋಧಿಸಿ ಒಂದು ಪುಸ್ತಿಕೆ ಬರೆದಿದ್ದರು. ಒಂದುಗೂಡುವ ನೆಪದಲ್ಲಿ ಇರುವುದನ್ನೇ ಕೆಡವುತ್ತಾರೆಂಬುದು ಅವರ ಅಂಜಿಕೆ. ಕಾವ್ಯದಲ್ಲಿ ಹೊಸ ಯುಗಕ್ಕೆ ಬಾಗಿಲು ತೆರೆದ ಕವಿ ದೇವಾಲಯದ ಬಾಗಿಲಿನಲ್ಲಿ ಹಳೆಯದರ ಕಾವಲುಗಾರನಾಗಿ ನಿಂತುದನ್ನು ಗಮನಿಸಬೇಕು. ಮನುಷ್ಯನು ಒಂದು ಕೋಣೆಯಲ್ಲಿ ಹೊಸಬನಾಗಿ ಇನ್ನೊಂದು ಕೋಣೆಯಲ್ಲಿ ಹಳಬನಾಗಿ ಬಾಳಬಲ್ಲ.

ಒಂದಾದ ಮನೆಯಲ್ಲಿ ಯಾರ ಅಡುಗೆ? ಈ ಪ್ರಶ್ನೆಗೆ ಸಭೆಯವರು ಎರಡು ಉತ್ತರಗಳನ್ನು ಕೊಟ್ಟರು. ಮೊದಲನೆಯದು, ಯಾವ ಸಭೆಯ ಮೇಲೂ ಅದರ ಅಂತಃಸಾಕ್ಷಿಗೆ ಒಪ್ಪದ ಆರಾಧನಾಕ್ರಮವನ್ನು ಹೇರತಕ್ಕದ್ದಲ್ಲವೆಂಬ ವಚನ. ಎರಡನೆಯದು, ಎಲ್ಲರೂ ಕೂಡಿದಾಗ ಬಳಸಲು ಹೊಸದೊಂದು ಕ್ರಮ. ಲೆಸ್ಲಿ ಬ್ರೌನರ ನೇತೃತ್ವದ ಸಮಿತಿ ಸಿದ್ಧಗೊಳಿಸಿದ ಪ್ರಭುಭೋಜನದ ಆರಾಧನೆ 1950ರಲ್ಲಿ ಬಳಕೆಗೆ ಬಂದು, 1963ರ ಪೂರ್ಣ ಪುಸ್ತಕದಲ್ಲಿ ಸೇರಿತು.

ಆ ಕ್ರಮದ ಸ್ವಾರಸ್ಯವೆಂದರೆ, ಅದು ಹೊಸದಾದುದೇ ಹಳೆಯದರೊಳಕ್ಕೆ ಇನ್ನೂ ಆಳವಾಗಿ ಇಳಿದು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪುರಾತನ ಕಾಲದಿಂದ ಉಳಿದುಬಂದಿದ್ದ ‘ಸಮಾಧಾನ’ದ ಮುದ್ರೆಯನ್ನು ಅದು ಎತ್ತಿಕೊಂಡಿತು. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸುತ್ತಾನೆ. ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಹಾಗೆಯೇ ಅದು ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಹರಿದು ಕೊನೆಯ ಬೆಂಚನ್ನು ಮುಟ್ಟುತ್ತದೆ. ಬೆನ್ನು ತೋರಿ ನಿಲ್ಲುತ್ತಿದ್ದ ಪುರೋಹಿತ ಮೇಜಿನ ಆಚೆಗೆ ಹೋಗಿ ಜನರತ್ತ ಮುಖ ಮಾಡಿದನು. ಪ್ರಾರ್ಥನೆಯ ನಡುನಡುವೆ ಜನರಿಗೂ ಮಾತು ಬಂದಿತು. ನೆರೆಯವನ ಕೈ ಮುಟ್ಟುವುದು ಈ ನೆಲದಲ್ಲಿ ಸಣ್ಣ ಸಂಗತಿಯಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭೆ ಸೇರಿದವರು ಬೇರೆ ಬೇರೆ ಜಾತಿಗಳಿಂದ ಬಂದವರು. ಪಕ್ಕದವನು ಯಾರೆಂದು ಕೇಳದೆ ಅಂಗೈ ಚಾಚುವುದು ಅಲ್ಲಿ ಉಪದೇಶಕ್ಕಿಂತ ದೊಡ್ಡ ಉಪದೇಶ. ಮುಂದೆ ಇಂಗ್ಲೆಂಡೂ ಸೇರಿದಂತೆ ಹಲವು ನಾಡುಗಳ ಆಂಗ್ಲಿಕನ್ನರು ತಮ್ಮ ಪುಸ್ತಕಗಳನ್ನು ತಿದ್ದುವಾಗ ದಕ್ಷಿಣ ಭಾರತದ ಈ ಕ್ರಮದ ಕಡೆಗೆ ತಿರುಗಿ ನೋಡಿದರು. ಇಂಗ್ಲೆಂಡಿನಲ್ಲಿ 1980ರಲ್ಲಿ ಒಂದು ಪುಸ್ತಕ, 2000ದಲ್ಲಿ ಇನ್ನೊಂದು ಬಂದವು. 1662ರ ಹಳೆಯ ಪುಸ್ತಕವನ್ನು ಮಾತ್ರ ಯಾರೂ ರದ್ದುಮಾಡಲಿಲ್ಲ.

ಹೀಗಿರುವಾಗ ಇಂದಿನ ಜಗಳದಲ್ಲಿ ನ್ಯಾಯ ಯಾರದು?

ಹಳೆಯ ಕ್ರಮದ ಪರವಾಗಿ ಒಂದು ಬಲವಾದ ಮಾತುಂಟು. ಬಾಯಿಪಾಠವೆಂದರೆ ಬಡವರ ಆಸ್ತಿ. ಅಕ್ಷರ ಬಾರದ ಮುದುಕಿಯೂ ನಲವತ್ತು ವರ್ಷ ಒಂದೇ ಪ್ರಾರ್ಥನೆಯನ್ನು ಕೇಳಿದರೆ ಅದು ಅವಳದಾಗುತ್ತದೆ. ಕಣ್ಣು ಮಂಜಾದ ಮೇಲೂ, ಮಂಚ ಹಿಡಿದ ಮೇಲೂ, ಬೇರೆ ಮಾತೆಲ್ಲ ಮರೆತ ಮೇಲೂ ಅದು ಅವಳ ತುಟಿಯ ಮೇಲಿರುತ್ತದೆ. ವಾರಕ್ಕೊಂದು ಹೊಸ ಹಾಡು ಬಂದು ತೆರೆಯ ಮೇಲೆ ಮೂಡಿ ಮಾಯವಾದರೆ, ಓದಲಾರದವಳಿಗೆ ಅಲ್ಲಿ ಪಾಲಿಲ್ಲ. ಓದಬಲ್ಲವನಿಗೂ ಸಂಕಟದ ರಾತ್ರಿಗೆ ಉಳಿತಾಯವಿಲ್ಲ. ಸಾವಿನ ಮನೆಯಲ್ಲಿ ಯಾರೂ ಹೊಸ ಮಾತನ್ನು ಕಟ್ಟಲಾರರು. ಅಲ್ಲಿ ಬೇಕಾಗುವುದು ಹಿಂದಿನವರು ಅತ್ತು ಸವೆಸಿದ ಮಾತು.

ಹೊಸದರ ಪರವಾದ ಮಾತೂ ಅಷ್ಟೇ ಬಲವಾದುದು. ತಿಳಿಯದ ಮಾತಿಗೆ ಒಪ್ಪಿಗೆ ಹೇಗೆ ಕೊಡುವುದು? ಶಬ್ದ ನಾಲಗೆಯ ಮೇಲಿದ್ದು ಮನಸ್ಸು ಮಾರ್ಕೆಟ್ಟಿನಲ್ಲಿದ್ದರೆ ಅದು ಯಾವ ಪೂಜೆ? ತರುಣರು ತಮ್ಮ ಕಾಲದ ದುಃಖವನ್ನು, ಕೆಲಸ ಸಿಗದ ಬೇಗೆಯನ್ನು, ಊರು ಬಿಟ್ಟು ಬಂದ ಒಂಟಿತನವನ್ನು ದೇವರ ಮುಂದಿಡಲು ತಮ್ಮದೇ ಮಾತನ್ನು ಬಯಸಿದರೆ ಅದು ಉದ್ಧಟತನವಲ್ಲ. ಅವರಿಗೆ ಬಾಗಿಲು ಮುಚ್ಚಿದ ದೇವಾಲಯದಲ್ಲಿ ಕ್ರಮ ಉಳಿದೀತು, ಜನ ಉಳಿಯಲಾರರು.

ಆದುದರಿಂದ ವಾದ್ಯವನ್ನು ನೋಡಿ ತೀರ್ಪು ಕೊಡುವುದು ಸಲ್ಲದು. ಕ್ರಿಸ್ತಶಕ 150ರ ಸುಮಾರಿನಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಪಂಡಿತ ಅಂದಿನ ಕ್ರೈಸ್ತರ ಆರಾಧನೆಯನ್ನು ಬಣ್ಣಿಸುತ್ತ ಒಂದು ಸಂಗತಿಯನ್ನು ತಪ್ಪದೆ ಹೇಳಿದ್ದಾನೆ. ಮುಖ್ಯಸ್ಥನು ಪ್ರಾರ್ಥನೆ ಮುಗಿಸಿದೊಡನೆ ಕೂಡಿದ ಜನರೆಲ್ಲ ‘ಆಮೆನ್’ ಎಂದು ಒಪ್ಪಿಗೆ ಕೊಡುತ್ತಿದ್ದರು. ಆರ್ಗನ್ನೂ ಇಲ್ಲದ, ಗಿಟಾರೂ ಇಲ್ಲದ ಆ ಕೂಟದಲ್ಲಿ ಅದೊಂದು ಮಾತು ಜನರದಾಗಿತ್ತು. ಇಂದಿಗೂ ಆ ಮಾತೇ ಅಳತೆಗೋಲು. ಗಾಯಕವೃಂದ ನಾಲ್ಕು ಸ್ವರಗಳಲ್ಲಿ ಇಂಪಾಗಿ ಹಾಡುತ್ತ, ಬೆಂಚುಗಳ ಮೇಲೆ ಕುಳಿತವರು ಬಾಯಿ ಮುಚ್ಚಿ ಕೇಳುತ್ತಿದ್ದರೆ, ಅಲ್ಲಿ ಜನರ ಆಮೆನ್ನನ್ನು ನಿಲುವಂಗಿಯವರು ಕಸಿದಿದ್ದಾರೆ. ವೇದಿಕೆಯ ಮೇಲಿನ ಮೂವರು ಧ್ವನಿವರ್ಧಕದಲ್ಲಿ ಅಬ್ಬರಿಸುತ್ತ, ಕೆಳಗಿನವರ ದನಿ ಅವರಿಗೇ ಕೇಳಿಸದಿದ್ದರೆ, ಅಲ್ಲಿ ಅದನ್ನು ತಂತಿಯವರು ಕಸಿದಿದ್ದಾರೆ. ಕಳ್ಳನು ಹಳಬನಾದರೇನು, ಹೊಸಬನಾದರೇನು? ಕಳವು ಒಂದೇ.

ಈ ಅಳತೆಗೋಲು ಕ್ರೈಸ್ತರ ಮನೆಗೆ ಮಾತ್ರ ಮೀಸಲಲ್ಲ. ರಾಮನವಮಿಯ ಪಂದಲಿನಲ್ಲಿ ಮುದ್ರಿತ ಹಾಡು ಕಿವಿ ಕೊರೆಯುತ್ತಿರುವಾಗ ಕೈಕಟ್ಟಿ ಕುಳಿತ ಭಕ್ತನೂ, ಪುರೋಹಿತರು ಹೇಳಿದ ಸಂಕಲ್ಪವನ್ನು ಅರ್ಧ ನುಂಗಿ ಅರ್ಧ ಉಚ್ಚರಿಸುವ ಗೃಹಸ್ಥನೂ ಒಮ್ಮೆ ತಮ್ಮ ಬಾಯನ್ನು ತಾವೇ ಮುಟ್ಟಿ ನೋಡಿಕೊಳ್ಳಬಹುದು. ಅಜ್ಜಿ ಮೊಮ್ಮಗನಿಗೆ ಒಂದು ಹಳೆಯ ಹಾಡನ್ನು ಕಲಿಸಲಿ. ಮೊಮ್ಮಗ ಅಜ್ಜಿಗೆ ಅದರ ಅರ್ಥವನ್ನು ಹುಡುಕಿ ಹೇಳಲಿ. ಇಬ್ಬರೂ ಕೂಡಿ ಹಾಡಿದರೆ, ಯಾವ ಮನೆಯಲ್ಲಿಯೇ ಆಗಲಿ, ಆಮೆನ್ ಸೇರಬೇಕಾದವರ ಬಾಯನ್ನು ಸೇರಿದಂತಾಯಿತು.