ಶುಶ್ರೂಷೆಗೈವವರಿಗೂ ಬೇಕು ಆಸರೆ

ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ಬಂಧುಬಳಗದವರು ಹಣ್ಣುಹಂಪಲು ಹಿಡಿದು ನೋಡಿಹೋಗುವುದು ಈ ನಾಡಿನ ರೂಢಿ. ರೋಗಿಯ ಯೋಗಕ್ಷೇಮವನ್ನು ಎಲ್ಲರೂ ವಿಚಾರಿಸುತ್ತಾರೆ. ಹಾಸಿಗೆಯ ಬದಿಯಲ್ಲಿ ನಿದ್ದೆಗೆಟ್ಟು ಕುಳಿತ ಹೆಂಡತಿಯನ್ನೋ ಮಗನನ್ನೋ ಗೆಳೆಯನನ್ನೋ ವಿಚಾರಿಸುವವರು ವಿರಳ. ಮಿದುಳಿನ ಗೆಡ್ಡೆಯ ವಿಷಯದಲ್ಲಂತೂ ಈ ಮರೆವು ಅಕ್ಷಮ್ಯ.

ಏಕೆಂದರೆ ಈ ರೋಗ ದೇಹವನ್ನಷ್ಟೇ ಕಾಡುವುದಿಲ್ಲ. ಗೆಡ್ಡೆಯು ಮಿದುಳಿನ ಮುಂಭಾಗದಲ್ಲಿ ಬೆಳೆದಾಗ ವ್ಯಕ್ತಿಯ ಸ್ವಭಾವವೇ ಮಾರ್ಪಡಬಹುದು. ಮೃದುಭಾಷಿಯಾಗಿದ್ದವನು ಸಿಡುಕಬಹುದು; ಚಟುವಟಿಕೆಯಿಂದಿದ್ದವನು ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಕುಳಿತುಬಿಡಬಹುದು. ಮಿದುಳಿನ ಊತವನ್ನು ತಗ್ಗಿಸಲು ಕೊಡುವ ಸ್ಟೀರಾಯ್ಡ್ ಔಷಧಿಯೂ ನಿದ್ರೆಯನ್ನು ಕೆಡಿಸಿ ಮನಸ್ಸನ್ನು ಕದಡಬಲ್ಲುದು. ಆದರೆ ಅರ್ಧ ಗಂಟೆ ಬಂದುಹೋಗುವ ನೆಂಟರ ಮುಂದೆ ರೋಗಿಯು ಸರಿಯಾಗಿಯೇ ತೋರಿಯಾನು. ಆಗ ‘ಆಕೆಗೇ ಸಹನೆ ಸಾಲದು’ ಎಂಬ ಮಾತು ಹುಟ್ಟುತ್ತದೆ. ಕಣ್ಣೆದುರಿಗಿರುವ ಗಂಡನನ್ನೇ ಕಳೆದುಕೊಂಡಂತೆ ದುಃಖಿಸುತ್ತಿರುವವಳಿಗೆ ಇದಕ್ಕಿಂತ ಕಠೋರವಾದ ಶಿಕ್ಷೆ ಮತ್ತೊಂದಿಲ್ಲ. ಆಕೆಯ ಮಾತನ್ನು ನಂಬುವುದೇ ಮೊದಲನೆಯ ಸಹಾಯ.

ಎರಡನೆಯದು ಹೊತ್ತಿನ ಸಹಾಯ. ಗ್ಲಿಯೋಬ್ಲಾಸ್ಟೋಮ ಎಂಬ ಉಗ್ರ ಗೆಡ್ಡೆಗೆ 2005ರಿಂದ ರೂಢಿಗೆ ಬಂದ ಚಿಕಿತ್ಸೆಯಲ್ಲಿ, ಶಸ್ತ್ರಕ್ರಿಯೆಯ ತರುವಾಯ ವಾರಕ್ಕೆ 5 ದಿನದಂತೆ 6 ವಾರ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. ಆ ಬಳಿಕ ತಿಂಗಳುಗಟ್ಟಲೆ ಮತ್ತೆ ಮಾತ್ರೆ. ದೂರದ ಹಳ್ಳಿಯಿಂದ ಬೆಂಗಳೂರಿಗೆ ಬಂದ ಕುಟುಂಬಕ್ಕೆ ಇದರರ್ಥ ಒಂದೂವರೆ ತಿಂಗಳ ಬಾಡಿಗೆ, ಊಟ, ತಪ್ಪಿದ ಕೂಲಿ, ಊರಿನಲ್ಲಿ ಬಿಟ್ಟುಬಂದ ಮಕ್ಕಳು ಮತ್ತು ದನಕರು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡವರ ಆಸ್ಪತ್ರೆ ವೆಚ್ಚವನ್ನು ಹೊರಲು ಬಂದುದು; ಈ ಹೊರೆ ಮನೆಯವರ ಹೆಗಲ ಮೇಲೆಯೇ ಉಳಿಯುತ್ತದೆ.

‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಸೌಜನ್ಯದಿಂದ ಅದು ಇಳಿಯದು. ದಣಿದವರಿಗೆ ಕೇಳುವ ತ್ರಾಣವೂ ಇರುವುದಿಲ್ಲ. ‘ಮಂಗಳವಾರ ರಾತ್ರಿ ನಾನು ಎಚ್ಚರವಾಗಿರುತ್ತೇನೆ, ನೀವು ಮಲಗಿ’ ಎನ್ನುವುದು ಸಹಾಯ. ನಗರದಲ್ಲಿರುವ ಹಳೆಯ ವಿದ್ಯಾರ್ಥಿಗಳು ಆಸ್ಪತ್ರೆಯ ಸಾಲಿನಲ್ಲಿ ಒಂದು ದಿನ ನಿಲ್ಲಬಲ್ಲರು. ದಾನಿಗಳು ಆಸ್ಪತ್ರೆಯ ಸಮೀಪ ರೋಗಿಯ ಕಡೆಯವರಿಗೆ ಎರಡು ಕೋಣೆಗಳನ್ನು ಕಟ್ಟಿಸಿದರೆ ಅದು ಶಿಲಾಫಲಕಕ್ಕಿಂತ ಹೆಚ್ಚು ಕಾಲ ನೆನಪಿನಲ್ಲುಳಿಯುತ್ತದೆ. ಉಪಾಧ್ಯಾಯರು ಅಂತಹ ಮನೆಯ ಮಗುವಿನ ಹಿಂದುಳಿಕೆಗೆ ಕಾರಣವನ್ನರಿತು ನಡೆದುಕೊಳ್ಳಬಲ್ಲರು. ಈ ರೋಗದಲ್ಲಿ ಆಗಾಗ ಕಾಣುವ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ತುರುಕದೆ, ಬಾಯಿಗೆ ಏನನ್ನೂ ಹಾಕದೆ, ರೋಗಿಯನ್ನು ಪಕ್ಕಕ್ಕೆ ಹೊರಳಿಸಬೇಕು. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ತರಗತಿಯಲ್ಲಿಯೇ ಕಲಿಸಬಲ್ಲರು.

ಕೇರಳ ಸರ್ಕಾರವು 2008ರಲ್ಲಿ ಉಪಶಾಮಕ ಆರೈಕೆಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನೆರೆಹೊರೆಯ ಸಾಮಾನ್ಯ ಜನರು ತರಬೇತಿ ಪಡೆದು ರೋಗಿಯ ಮನೆಬಾಗಿಲಿಗೆ ಹೋಗುವ ಪರಿಪಾಠ ಅಲ್ಲಿ ಬೇರೂರಿದೆ. ಇಲ್ಲಿಯೂ ಅದು ಅಸಾಧ್ಯವೇನಲ್ಲ. ಎಲ್ಲ ಗೆಡ್ಡೆಗಳನ್ನೂ ವೈದ್ಯರು ಗುಣಪಡಿಸಲಾರರು. ಆದರೆ ಶುಶ್ರೂಷೆಗೈವವರನ್ನು ಒಂಟಿಯಾಗಿ ಬಿಡದಿರುವುದಕ್ಕೆ ವೈದ್ಯನೇ ಆಗಬೇಕಾದುದಿಲ್ಲ.